ಹಳೆ ರೈಫಲ್ಲಿಗೆ ತೋಟಾ ತುಂಬುವವರು ಯಾರು?

ಚೆನ್ನೈನ ಪುಳಿಯಂತೋಪಿನಲ್ಲಿ ಪೌಡರ್ ಮಿಲ್ಸ್ ರೋಡ್ ಎಂಬ ರಸ್ತೆಯಿದೆ. ಕಂಪನಿ ಸರ್ಕಾರದ ಕಾಲದಲ್ಲಿ ಕೋವಿಮದ್ದು ಅರೆಯುತ್ತಿದ್ದ ಗಿರಣಿಗಳ ಗುರುತು ಈಗ ಆ ಹೆಸರಿನಲ್ಲಷ್ಟೇ ಉಳಿದಿದೆ. ಇಪ್ಪತ್ತನೇ ಶತಮಾನ ಶುರುವಾಗುವ ಹೊತ್ತಿಗೆ ಮದ್ರಾಸ್ ಪ್ರಾಂತ್ಯದ ಮದ್ದಿನ ಕೆಲಸ ಬೆಟ್ಟ ಹತ್ತಿತು. ನೀಲಗಿರಿಯಲ್ಲಿ, ಕೂನೂರಿನಿಂದ ಊಟಿಗೆ ಹೋಗುವ ದಾರಿಯ ಅರುವಂಕಾಡಿನಲ್ಲಿ, ಕಾರ್ಡೈಟ್ ಕಾರ್ಖಾನೆ ತಲೆಯೆತ್ತಿತು. ಅದು ಇಂದಿಗೂ ನಡೆಯುತ್ತಿದೆ. 2021ರ ಅಕ್ಟೋಬರ್ 1ರಿಂದ ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯ ಸುಪರ್ದಿಯಲ್ಲಿದೆ. ತಿರುಚಿರಾಪಳ್ಳಿಯಲ್ಲಿ ರೈಫಲ್ ತಯಾರಿಸುವ ಆರ್ಡ್‌ನೆನ್ಸ್ ಕಾರ್ಖಾನೆಯಿದೆ. ಅಂದರೆ ಮದ್ದನ್ನೂ ಬಂದೂಕನ್ನೂ ತಾನೇ ತಯಾರಿಸುವ ರಾಜ್ಯದ ರಾಜಧಾನಿ ಚೆನ್ನೈ. ಇಂಥ ಊರಿನಲ್ಲೂ ಹಳೆಯ ಸೆಮಿ ಆಟೋಮ್ಯಾಟಿಕ್ ರೈಫಲ್ ಒಂದನ್ನು ಕಾನೂನುಬದ್ಧವಾಗಿ ಇಟ್ಟುಕೊಂಡವರಿಗೆ ಅದಕ್ಕೆ ಒಪ್ಪುವ ತೋಟಾ ಸಿಗುವುದು ಕಷ್ಟ. ಅಂಥವರು ದೇಶದಲ್ಲಿ ಎಲ್ಲೇ ಇರಲಿ, ಒಂದು ಯೋಚನೆ ಬಂದೇ ಬರುತ್ತದೆ: ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಖೋಕಾ ಕೈಯಲ್ಲೇ ಇದೆ, ಅದಕ್ಕೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂರಿಸಿ ನಾವೇ ಯಾಕೆ ತುಂಬಿಕೊಳ್ಳಬಾರದು? ಅಮೆರಿಕದಲ್ಲಿ ಲಕ್ಷಾಂತರ ಜನ ಮನೆಯ ಗ್ಯಾರೇಜಿನಲ್ಲಿ ಮಾಡುವುದು ಅದನ್ನೇ.

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ‘ಕಾನೂನು ಬಿಡುವುದಿಲ್ಲ’ ಎಂಬ ಒಂದೇ ಮಾತು. ಅದು ನಿಜವಾದರೂ ಸಾಲದು. ಕಾನೂನು ಬಿಟ್ಟಿದ್ದರೂ ಈ ಕೆಲಸ ಮನೆಯ ಮೇಜಿಗೆ ಬರಬಾರದು, ಏಕೆಂದರೆ ತಾನೇ ತೋಟಾ ಏರಿಸಿಕೊಳ್ಳುವ ರೈಫಲ್ಲಿನಲ್ಲಿ ತೋಟಾ ಯಂತ್ರದ ಒಂದು ಬಿಡಿಭಾಗದ ಹಾಗೆ ಕೆಲಸ ಮಾಡುತ್ತದೆ ಎಂಬುದು ನನ್ನ ವಾದ. ಬಿಡಿಭಾಗವನ್ನು ತಯಾರಿಸುವವನಿಗೆ ಯಂತ್ರ ತಯಾರಿಸಿದವನಷ್ಟೇ ಹೊಣೆಯಿರಬೇಕು. ಹಾಗೆಂದು ಹಳೆ ರೈಫಲ್ಲುಗಳಿಗೆ ತೋಟಾವೇ ಬೇಡ, ಅವು ಗೋಡೆಗೆ ತೂಗುಬೀಳಲಿ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ತುಂಬುವ ಕೆಲಸ ನಡೆಯಬೇಕು. ಅದನ್ನು ಮಾಡಬೇಕಾದದ್ದು ಲೈಸೆನ್ಸ್ ಇರುವ ಕಾರ್ಖಾನೆ, ಚಿಕ್ಕ ಪ್ರಮಾಣದಲ್ಲಿ, ಇಂಥ ರೈಫಲ್ಲಿಗೆ ಎಂದು ಹೆಸರು ಹಾಕಿ.

ಕನ್ನಡದ ಓದುಗರಿಗೆ ಕೈಯಾರೆ ಮದ್ದು ತುಂಬುವುದು ಹೊಸ ವಿಷಯವಲ್ಲ. ಮಲೆನಾಡಿನ ಕೇಪಿನ ಕೋವಿಯಲ್ಲಿ ಪ್ರತಿ ಈಡೂ ಕೈಯಿಂದ ತುಂಬಿದ್ದೇ. ನಳಿಗೆಯ ಬಾಯಿಂದ ಮಸಿ ಸುರಿದು, ತೆಂಗಿನ ನಾರನ್ನೋ ಬಟ್ಟೆಯ ಚೂರನ್ನೋ ಸಲಾಕೆಯಿಂದ ಜಡಿದು, ಮೇಲೆ ಚರೆ ಹಾಕಿ, ಮತ್ತೆ ಜಡಿದು, ಕೊನೆಗೆ ಕೇಪು ಸಿಕ್ಕಿಸಿ ಕುದುರೆ ಎತ್ತಬೇಕು. ಹಂದಿ ಕಾಯಲು ಗದ್ದೆಗೆ ಹೋಗುವ ಮನುಷ್ಯನಿಗೆ ಇದು ಅಪ್ಪನಿಂದ ಬಂದ ವಿದ್ಯೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಇಂಥ ಕೋವಿಗಳು ಪಶ್ಚಿಮಘಟ್ಟದ ಉದ್ದಕ್ಕೂ ಈಗಲೂ ಇವೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮಸಿ ಎಂಬ ಈ ಕರಿಮದ್ದು ಗಾತ್ರದಲ್ಲಿ ದೊಡ್ಡದು, ಬಲದಲ್ಲಿ ಸಣ್ಣದು. ಅಳತೆ ಮೀರಿ ಸುರಿದರೆ ಸಲಾಕೆ ಎಷ್ಟು ಮೇಲೆ ನಿಂತಿತು ಎಂಬುದರಿಂದಲೇ ಅನುಭವಿಗೆ ಗೊತ್ತಾಗುತ್ತದೆ. ಹಾರಿಸಿದವನ ಹೆಗಲು ಅದನ್ನು ತಕ್ಷಣ ಹೇಳುತ್ತದೆ. ತಪ್ಪು ಕಣ್ಣಿಗೆ ಕಾಣುತ್ತದೆ, ಕೈಗೆ ತಾಗುತ್ತದೆ. ಆಮೇಲೆ ಬಂದ ಹೊಗೆಯಿಲ್ಲದ ಮದ್ದಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಸ್ವಲ್ಪವೇ ಜಾಗ ಹಿಡಿಯುವ ಅದನ್ನು ಕೆಲವು ಖೋಕಾಗಳಲ್ಲಿ ಎರಡು ಪಾಲು ಸುರಿದರೂ ಮೇಲೆ ಜಾಗ ಉಳಿದಿರುತ್ತದೆ. ಗುಂಡು ಕೂರಿಸಿದ ಮೇಲೆ ಒಳಗೆ ಒಂದು ಪಾಲಿದೆಯೋ ಎರಡಿದೆಯೋ ಎಂಬುದು ತುಂಬಿದವನಿಗೂ ತಿಳಿಯುವುದಿಲ್ಲ. ಮಸಿಯ ಕಾಲದ ಕೈಗುಣ ಇಲ್ಲಿಗೆ ಹಾಗೇ ದಾಟಿ ಬರುವುದಿಲ್ಲ.

ಕಾರ್ಡೈಟ್ ಈ ಬದಲಾವಣೆಗೆ ಒಳ್ಳೆಯ ಸಾಕ್ಷಿ. 1889ರಲ್ಲಿ ಬ್ರಿಟನ್ನಿನ ಫ್ರೆಡರಿಕ್ ಏಬೆಲ್ ಮತ್ತು ಜೇಮ್ಸ್ ಡ್ಯೂವರ್ ರೂಪಿಸಿದ ಈ ಮದ್ದಿನಲ್ಲಿ ನೈಟ್ರೋಗ್ಲಿಸರಿನ್, ಗನ್‌ಕಾಟನ್ ಮತ್ತು ಪೆಟ್ರೋಲಿಯಂ ಜೆಲ್ಲಿ ಸೇರಿದ್ದವು. ಅದು ಪುಡಿಯಾಗಿರಲಿಲ್ಲ, ಒತ್ತಿದ ಶಾವಿಗೆಯ ಹಾಗೆ ಎಳೆ ಎಳೆಯಾಗಿ ಬರುತ್ತಿತ್ತು. .303 ತೋಟಾದ ಕುತ್ತಿಗೆ ಕಿರಿದು. ಆ ಎಳೆಗಳ ಕಟ್ಟು ಅದರೊಳಗೆ ತೂರುವುದಿಲ್ಲ. ಹೀಗಾಗಿ ಕಾರ್ಖಾನೆಯಲ್ಲಿ ಖೋಕಾ ಇನ್ನೂ ನೇರ ಕೊಳವೆಯಾಗಿರುವಾಗಲೇ ಕಾರ್ಡೈಟ್ ಕಟ್ಟನ್ನು ಒಳಗಿಟ್ಟು, ಆಮೇಲೆ ಹಿತ್ತಾಳೆಯನ್ನು ಒತ್ತಿ ಹೆಗಲು, ಕುತ್ತಿಗೆ ಮೂಡಿಸುತ್ತಿದ್ದರು. ಮನೆಯಲ್ಲಿ ಕೂತು ಇದನ್ನು ಮಾಡುವ ಬಗೆಯೇ ಇಲ್ಲ. ಬೇಟೆಯ ಕಾಲದವರಿಗೆ ಕಾರ್ಡೈಟಿನ ಇನ್ನೊಂದು ಗುಣವೂ ಗೊತ್ತಿತ್ತು: ಬಿಸಿಲು ಏರಿದ ಹಾಗೆ ಅದರ ಒತ್ತಡವೂ ಏರುತ್ತಿತ್ತು. ಇಂಗ್ಲೆಂಡಿನ ಚಳಿಯಲ್ಲಿ ಸರಿಯಾಗಿದ್ದ ತೋಟಾ ಮದ್ರಾಸಿನ ಮೇ ತಿಂಗಳಲ್ಲಿ ಖೋಕಾವನ್ನು ನಳಿಗೆಯೊಳಗೆ ಕಚ್ಚಿಸಿಬಿಡುತ್ತಿತ್ತು. ಅದಕ್ಕೇ ಬ್ರಿಟಿಷ್ ಕಂಪನಿಗಳು ಉಷ್ಣವಲಯಕ್ಕೆಂದು ಮದ್ದು ಕಡಿಮೆ ಮಾಡಿದ ತೋಟಾಗಳನ್ನು ಬೇರೆಯಾಗಿ ಮಾರುತ್ತಿದ್ದವು. ಹವೆಗೆ ತಕ್ಕ ಹಾಗೆ ಮದ್ದು ತಿದ್ದಬೇಕೆಂಬ ಪಾಠ ನೂರು ವರ್ಷಕ್ಕೂ ಹಳೆಯದು. ತಿದ್ದಿದವರು ಒತ್ತಡ ಅಳೆಯುವ ಉಪಕರಣ ಇಟ್ಟುಕೊಂಡಿದ್ದ ಕಾರ್ಖಾನೆಯವರು ಎಂಬುದನ್ನೂ ಮರೆಯಬಾರದು.

ಈಗ ಸೆಮಿ ಆಟೋಮ್ಯಾಟಿಕ್ ರೈಫಲ್ಲಿಗೆ ಬರೋಣ. ಉದಾಹರಣೆಗೆ ಜಗತ್ತಿನಲ್ಲೇ ಹೆಚ್ಚು ಚರ್ಚೆಯಾಗಿರುವ ಎಂ1 ಗರಾಂಡ್ ತೆಗೆದುಕೊಳ್ಳಬಹುದು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ ಜಾನ್ ಗರಾಂಡ್ ರೂಪಿಸಿದ ಇದನ್ನು ಅಲ್ಲಿನ ಸೇನೆ 1936ರಲ್ಲಿ ಅಂಗೀಕರಿಸಿತು. ಎಂಟು ತೋಟಾಗಳ ಒಂದು ಕ್ಲಿಪ್, .30-06 ಅಳತೆ. ಪ್ರತಿ ಸಲ ಟ್ರಿಗರ್ ಎಳೆದಾಗ ಒಂದೇ ಗುಂಡು ಹಾರುತ್ತದೆ. ಖಾಲಿ ಖೋಕಾ ಹೊರಗೆಸೆದು ಮುಂದಿನ ತೋಟಾ ಏರಿಸಿಕೊಳ್ಳುವುದು ರೈಫಲ್ಲಿನ ಕೆಲಸ. ಈ ಕೆಲಸಕ್ಕೆ ಶಕ್ತಿ ಎಲ್ಲಿಂದ? ನಳಿಗೆಯ ತುದಿಯ ಹತ್ತಿರ ಒಂದು ಸಣ್ಣ ತೂತಿದೆ. ಗುಂಡು ಅದನ್ನು ದಾಟಿದ ಕ್ಷಣ, ಹಿಂದಿನಿಂದ ನುಗ್ಗಿ ಬರುವ ಅನಿಲದ ಒಂದಂಶ ಆ ತೂತಿನಿಂದ ಕೆಳಗಿಳಿದು ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ನಿಗೆ ಅಂಟಿದ ಉದ್ದನೆಯ ಆಪರೇಟಿಂಗ್ ರಾಡ್ ಹಿಂದೆ ಸರಿದು ಬೋಲ್ಟನ್ನು ತಿರುಗಿಸಿ ತೆರೆಯುತ್ತದೆ. ಆ ರಾಡ್ ನೇರವಾಗಿಲ್ಲ. ಅಡ್ಡ ಬರುವ ಭಾಗಗಳನ್ನು ತಪ್ಪಿಸಲು ಅದಕ್ಕೆ ಬೇಕೆಂದೇ ಬಾಗು ಕೊಟ್ಟಿದ್ದಾರೆ. ಬಾಗಿದ ಉದ್ದನೆಯ ಸರಳಿಗೆ ಲೆಕ್ಕಕ್ಕಿಂತ ಜೋರಾಗಿ ಒದ್ದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಅನಿಲ ಯಾವಾಗ ಜೋರಾಗಿ ಒದೆಯುತ್ತದೆ ಎಂಬಲ್ಲಿ ಈ ಲೇಖನದ ತಿರುಳಿದೆ. ಮದ್ದಿನಲ್ಲಿ ಬೇಗ ಉರಿಯುವುದೂ ಇದೆ, ನಿಧಾನಕ್ಕೆ ಉರಿಯುವುದೂ ಇದೆ. ಬೋಲ್ಟನ್ನು ಕೈಯಿಂದ ಎಳೆದು ತೆರೆಯುವ ರೈಫಲ್ಲಿನಲ್ಲಿ ಭಾರದ ಗುಂಡಿನ ಹಿಂದೆ ನಿಧಾನದ ಮದ್ದು ಹಾಕಿದರೆ ಒಳ್ಳೆಯ ವೇಗ ಬರುತ್ತದೆ, ಒತ್ತಡ ಮಿತಿಯಲ್ಲೇ ಇರುತ್ತದೆ. ಬೇಟೆಗಾರರಿಗೆ ಅದೇ ಇಷ್ಟ. ಅದೇ ತೋಟಾವನ್ನು ಗರಾಂಡಿಗೆ ಹಾಕಿದರೆ, ತೋಟಾ ಕೂರುವ ಕೋಣೆಯಲ್ಲಿನ ಒತ್ತಡ ಸರಿಯಾಗಿದ್ದರೂ ನಿಧಾನಕ್ಕೆ ಉರಿಯುವ ಮದ್ದು ನಳಿಗೆಯ ತುದಿಯವರೆಗೂ ಉರಿಯುತ್ತಲೇ ಇರುವುದರಿಂದ ಆ ಸಣ್ಣ ತೂತಿನ ಬಳಿ ಒತ್ತಡ ಹೆಚ್ಚುತ್ತದೆ. ಗುಂಡು ಗುರಿಗೇ ಬೀಳುತ್ತದೆ, ಸದ್ದಿನಲ್ಲಿ ವ್ಯತ್ಯಾಸವಿಲ್ಲ, ಹೆಗಲಿಗೆ ಬೇರೆ ಅನುಭವವಿಲ್ಲ. ರಾಡ್ ಮಾತ್ರ ಪ್ರತಿ ಹೊಡೆತಕ್ಕೂ ಕೂದಲೆಳೆಯಷ್ಟು ಬಾಗುತ್ತಾ ಹೋಗುತ್ತದೆ. ತೋಟಾ ‘ಸರಿಯಾಗಿದೆ’ ಎಂದು ಹೇಳಬಲ್ಲ ಎಲ್ಲ ಲಕ್ಷಣಗಳೂ ಇದ್ದು ರೈಫಲ್ ಹಾಳಾಗುವ ವಿಚಿತ್ರ ಇದು. ಕೇಪಿನ ಕೋವಿಯಲ್ಲಿ ತಪ್ಪು ಅದೇ ಈಡಿನಲ್ಲಿ ಗೊತ್ತಾಗುತ್ತದೆ. ಇಲ್ಲಿ ತಪ್ಪು ಬಚ್ಚಿಟ್ಟುಕೊಂಡು ಐವತ್ತನೇ ಹೊಡೆತದಲ್ಲೋ ಮುಂದಿನ ವರ್ಷವೋ ಹೊರಬರುತ್ತದೆ. ತುಂಬಿದವನಿಗೆ ತನ್ನ ಕೆಲಸದ ಗುಣ ತಿಳಿಯುವ ದಾರಿಯೇ ಮುಚ್ಚಿಹೋಗಿರುವಾಗ ಅನುಭವ ಎಂಬುದಕ್ಕೆ ಬೆಲೆ ಬರುವುದು ಹೇಗೆ?

ಕೇಪಿನ ವಿಷಯ ಇನ್ನೂ ಸೂಕ್ಷ್ಮ. ಗರಾಂಡಿನ ಬೋಲ್ಟಿನೊಳಗಿನ ಫೈರಿಂಗ್ ಪಿನ್ನಿಗೆ ಹಿಂದೆಳೆಯುವ ಸ್ಪ್ರಿಂಗ್ ಇಲ್ಲ, ಅದು ಸಡಿಲವಾಗಿ ಆಡುತ್ತಿರುತ್ತದೆ. ರಷ್ಯಾದ ಎಸ್‌ಕೆಎಸ್ ರೈಫಲ್ಲುಗಳಲ್ಲೂ ಬಹುಪಾಲು ಹೀಗೇ. ಬೋಲ್ಟ್ ರಭಸದಿಂದ ಮುಂದಕ್ಕೆ ಬಂದು ನಿಂತಾಗ ಪಿನ್ ಮಾತ್ರ ನಿಲ್ಲದೆ ಮುಂದೆ ಜಾರಿ ಕೇಪನ್ನು ಮೆಲ್ಲಗೆ ತಟ್ಟುತ್ತದೆ. ಹಾರಿಸದೆ ಹೊರತೆಗೆದ ತೋಟಾದ ತಳ ನೋಡಿದರೆ ಕೇಪಿನ ನಡುವೆ ಸಣ್ಣ ಚುಕ್ಕೆಯೊಂದು ಕಾಣುತ್ತದೆ. ಸೇನೆಯ ತೋಟಾಗಳಲ್ಲಿ ಕೇಪಿನ ಬಟ್ಟಲು ಗಡುಸಾಗಿರುವುದು ಈ ತಟ್ಟುವಿಕೆಗೆ ಕೇಪು ಸಿಡಿಯದಿರಲೆಂದೇ. ಮೆತ್ತಗಿನ ಕೇಪು ಹಾಕಿದರೆ, ಅಥವಾ ಕೇಪು ಖೋಕಾದ ತಳಕ್ಕಿಂತ ಬೆರಳಿಗೆ ತಾಗುವಷ್ಟು ಮೇಲೆದ್ದಿದ್ದರೆ, ಬೋಲ್ಟ್ ಪೂರ್ತಿ ಬೀಗ ಬೀಳುವ ಮೊದಲೇ ಮದ್ದು ಹೊತ್ತಿಕೊಳ್ಳಬಹುದು. ಟ್ರಿಗರ್ ಮೇಲೆ ಬೆರಳಿಲ್ಲದಿದ್ದರೂ ರೈಫಲ್ ಹಾರುತ್ತದೆ. ಬೀಗ ಬಿದ್ದಿಲ್ಲದ ಕಾರಣ ಆ ಶಕ್ತಿಯೆಲ್ಲ ಹಿಂದಕ್ಕೆ, ಹಾರಿಸುವವನ ಮುಖದ ಕಡೆಗೆ ಬರುತ್ತದೆ. ಖೋಕಾದ ಕತೆಯೂ ಇದಕ್ಕಿಂತ ಬೇರೆಯಲ್ಲ. ಇಂಥ ರೈಫಲ್ ಖೋಕಾವನ್ನು ಬಿಸಿಯಿರುವಾಗಲೇ ಕಿತ್ತೆಸೆಯುತ್ತದೆ. ಪ್ರತಿ ಸಲವೂ ಹಿತ್ತಾಳೆ ತಳದ ಹತ್ತಿರ ಸ್ವಲ್ಪ ಹಿಗ್ಗಿ ತೆಳುವಾಗುತ್ತದೆ. ಹೊರಗೆ ಅದು ಮಿನುಗುವ ಒಂದು ತೆಳು ಉಂಗುರವಾಗಿ ಕಂಡೀತು, ಕಾಣದೆಯೂ ಇದ್ದೀತು. ಒಳಗೆ ತಂತಿಯ ಕೊಕ್ಕೆ ಆಡಿಸಿ ನೋಡಿದರೆ ಮಾತ್ರ ತಗ್ಗು ಸಿಗುತ್ತದೆ. ಮುಂದಿನ ಹೊಡೆತದಲ್ಲಿ ಖೋಕಾ ಅಲ್ಲೇ ಎರಡು ತುಂಡು.

ಇದರ ಜೊತೆಗೆ ಕಡಲ ತೀರದ ಹವೆ. ಹಳೆಯ ಸೇನಾ ತೋಟಾಗಳ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದಾಗ ನಳಿಗೆಯೊಳಗೆ ಉಪ್ಪಿನಂಶ ಉಳಿದು, ಚೆನ್ನೈನಂಥ ಊರಿನ ತೇವದಲ್ಲಿ ಒಂದೆರಡು ದಿನಕ್ಕೇ ತುಕ್ಕು ಹಿಡಿಸುತ್ತದೆ. ಗರಾಂಡಿನಂಥ ರೈಫಲ್ಲಿನಲ್ಲಿ ತುಕ್ಕು ನಳಿಗೆಗಷ್ಟೇ ಅಲ್ಲ, ಅನಿಲ ಇಳಿಯುವ ಸಿಲಿಂಡರಿಗೂ ಪಿಸ್ಟನ್ನಿಗೂ. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತದ ಮಳೆಯಲ್ಲಿ ಮುಚ್ಚಳ ಸಡಿಲವಿರುವ ಡಬ್ಬಿಯ ಮದ್ದು ತೇವ ಹೀರುತ್ತದೆ, ಏಪ್ರಿಲ್‌ ಮೇನಲ್ಲಿ ಅದೇ ಡಬ್ಬಿ ಬೇಯುತ್ತದೆ. ಹೊಗೆಯಿಲ್ಲದ ಮದ್ದು ಕೆಡದಂತೆ ತಡೆಯಲು ಸೇರಿಸಿರುವ ರಾಸಾಯನಿಕ ಶಾಖದಲ್ಲಿ ಬೇಗ ಮುಗಿದುಹೋಗುತ್ತದೆ. ಅರುವಂಕಾಡಿನಂಥ ತಂಪು ಬೆಟ್ಟದಲ್ಲಿ ಮದ್ದಿನ ಕಾರ್ಖಾನೆ ಇರುವುದಕ್ಕೂ ಚೆನ್ನೈನ ಫ್ಲಾಟೊಂದರ ಅಟ್ಟದ ಮೇಲೆ ಮದ್ದಿನ ಡಬ್ಬಿ ಇರುವುದಕ್ಕೂ ಎಷ್ಟು ಅಂತರ ಎಂದು ಬೇರೆ ಹೇಳಬೇಕಿಲ್ಲ.

ನಮ್ಮ ದೇಶದಲ್ಲಿ ತೋಟಾ ಯಾರು ತುಂಬಿದರು ಎಂಬ ಪ್ರಶ್ನೆ ಹಿಂದೆಯೂ ದೊಡ್ಡ ಗಲಾಟೆಗಳಿಗೆ ಕಾರಣವಾಗಿದೆ. 1857ರ ಎನ್‌ಫೀಲ್ಡ್ ತೋಟಾಗಳ ಕೊಬ್ಬಿನ ಕತೆ ಶಾಲೆಯ ಪಾಠದಲ್ಲೇ ಇದೆ. ಅಷ್ಟಾಗಿ ಹೇಳದ ಸಂಗತಿಯೆಂದರೆ, ಆ ವರ್ಷದ ಜನವರಿಯಲ್ಲೇ ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಹಚ್ಚಿಕೊಳ್ಳಲಿ ಎಂದು ಸರ್ಕಾರ ಆದೇಶ ಹೊರಡಿಸಿತ್ತು. ಅಷ್ಟರಲ್ಲಿ ನಂಬಿಕೆ ಹೋಗಿತ್ತು. 1878ರಲ್ಲಿ ಲಿಟ್ಟನ್ ಕಾಲದ ಶಸ್ತ್ರಾಸ್ತ್ರ ಕಾಯ್ದೆ ಬಂತು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ .450 ಅಳತೆಯ ರೈಫಲ್ಲುಗಳನ್ನು ಭಾರತಕ್ಕೆ ತರುವುದನ್ನೇ ಬ್ರಿಟಿಷರು ನಿಲ್ಲಿಸಿದರು. ಆನೆ, ಕಾಟಿ ಹೊಡೆಯುವ ದೊರೆಗಳ ಮೆಚ್ಚಿನ ಅಳತೆ ಅದು. ಅದೇ ಅಳತೆಯ ಗುಂಡು ಹಾರಿಸುವ, ಕಳವಾದ ಮಾರ್ಟಿನಿ ಹೆನ್ರಿ ಬಂದೂಕುಗಳು ದಂಗೆಕೋರರ ಕೈಯಲ್ಲಿದ್ದವು. ಬೇಟೆಯ ತೋಟಾದಿಂದ ಗುಂಡು ಕಿತ್ತು ಆ ಬಂದೂಕುಗಳ ಖೋಕಾಗಳಿಗೆ ಮರಳಿ ತುಂಬಿಯಾರು ಎಂಬ ಭಯ ನಿಷೇಧಕ್ಕೆ ಕಾರಣ. ಫಲವಾಗಿ ಲಂಡನ್ನಿನ ಬಂದೂಕುಗಾರರು ಹೊಸ ಅಳತೆಗಳನ್ನು ಹುಡುಕಬೇಕಾಯಿತು. ಜೋಸೆಫ್ ಲ್ಯಾಂಗ್ ಕಂಪನಿಯ .470, ಹಾಲೆಂಡ್ ಅಂಡ್ ಹಾಲೆಂಡಿನ .500/465 ಹುಟ್ಟಿದ್ದು ಹೀಗೆ. ಆಫ್ರಿಕದ ಬೇಟೆಯ ಕತೆಗಳಲ್ಲಿ ಮೆರೆಯುವ ಅಳತೆಗಳ ಹಿಂದೆ ಭಾರತದಲ್ಲಿ ಯಾರೋ ತೋಟಾ ಮರುತುಂಬಿಯಾರು ಎಂಬ ಸರ್ಕಾರಿ ಆತಂಕವಿದೆ. ತಮಾಷೆಯೆನಿಸಿದರೂ ನಿಜ.

ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಆ ಆತಂಕವನ್ನು ಪೂರ್ತಿಯಾಗಿ ಒಳಗೆ ಹಾಕಿಕೊಂಡಿತು. ಅದರ ವ್ಯಾಖ್ಯೆಯಲ್ಲಿ ಮದ್ದುಗುಂಡು ಅಂದರೆ ತಯಾರಾದ ತೋಟಾ ಮಾತ್ರವಲ್ಲ. ಬಂದೂಕಿಗೆ ತುಂಬುವ ಮದ್ದಿನ ಪಾಲು, ತೋಟಾದ ಬಿಡಿಭಾಗ, ತೋಟಾ ತಯಾರಿಸುವ ಯಂತ್ರ ಕೂಡ. ಅಮೆರಿಕದಲ್ಲಿ ಅಂಗಡಿಯಿಂದ ಕೊಂಡು ತರುವ ತೋಟಾ ಒತ್ತುವ ಯಂತ್ರ ಇಲ್ಲಿ ಕಾನೂನಿನ ಕಣ್ಣಿಗೆ ಮದ್ದುಗುಂಡೇ. ಲೈಸೆನ್ಸ್ ಇಲ್ಲದೆ ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ ಸೆರೆ, ಜೀವಾವಧಿಯವರೆಗೂ ಹೋಗಬಹುದು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಇದ್ದವನಿಗೆ ತೋಟಾ ತಯಾರಿಸುವ ಲೈಸೆನ್ಸ್ ಇದೆ ಎಂದಲ್ಲ. ಎರಡೂ ಬೇರೆ ಬೇರೆ. ಸೆಮಿ ಆಟೋಮ್ಯಾಟಿಕ್ ರೈಫಲ್ಲುಗಳು ನಿರ್ಬಂಧಿತ ವರ್ಗಕ್ಕೆ ಸೇರಿದ್ದು, ಜಿಲ್ಲಾಧಿಕಾರಿ ಸಾಮಾನ್ಯ ಲೈಸೆನ್ಸಿನಂತೆ ಕೊಡುವ ಆಯುಧಗಳಲ್ಲ. 2020ರ ಫೆಬ್ರುವರಿಯಲ್ಲಿ ಗೃಹ ಸಚಿವಾಲಯ ನಿಯಮಗಳನ್ನು ತಿದ್ದಿ, ಕುತೂಹಲದ ವಸ್ತು ಎಂದು ಗುರುತಿಸಿದ ಹಳೆ ಬಂದೂಕುಗಳನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು. ಅವನ್ನು ಬಳಸಲು, ಒಯ್ಯಲು ಮಾತ್ರ ಲೈಸೆನ್ಸ್ ಬೇಕು. ಅದಿಲ್ಲದೆ ಅವಕ್ಕೆ ತೋಟಾ ಮಾರುವಂತಿಲ್ಲ. ಹಳೆ ಬಂದೂಕಿನ ಬಗ್ಗೆ ಸರ್ಕಾರದ ನಿಲುವು ಹೀಗೆ ಅರ್ಧ ಹಾದಿಗೆ ಬಂದು ನಿಂತಿದೆ: ಪರಂಪರೆ ಎಂದು ಒಪ್ಪುತ್ತದೆ, ಅದು ಸುರಕ್ಷಿತವಾಗಿ ಹಾರಲು ಏನು ಬೇಕೋ ಅದರ ಬಗ್ಗೆ ಮಾತಿಲ್ಲ.

ಇಷ್ಟಕ್ಕೆ ಆಕ್ಷೇಪಗಳು ಬರುತ್ತವೆ. ಮೊದಲನೆಯದು ಕೊಡಗಿನಿಂದ. ಕೋವಿ ಇಟ್ಟುಕೊಳ್ಳಲು 1861ರಲ್ಲಿ ಬ್ರಿಟಿಷ್ ಅಧಿಕಾರಿ ಮಾರ್ಕ್ ಕಬ್ಬನ್ ನೀಡಿದ ವಿನಾಯಿತಿಯ ಪರಂಪರೆ ಅಲ್ಲಿ ಇನ್ನೂ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಾಗುತ್ತದೆ. ಮನೆಮನೆಯಲ್ಲಿ ಕೋವಿಯಿರುವ ನಾಡಿನಲ್ಲಿ ಅನಾಹುತ ಎಲ್ಲಿದೆ, ಜನರನ್ನು ಯಾಕೆ ನಂಬಬಾರದು ಎಂದು ಕೇಳಬಹುದು. ಕೊಡಗಿನ ಶಿಸ್ತಿನ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ, ತೋಟಾ ತಯಾರಿಸುವುದಕ್ಕಲ್ಲ. ಅಲ್ಲಿನ ಕೋವಿಗಳು ಬಹುತೇಕ ಒಂಟಿ ನಳಿಗೆ, ಜೋಡುನಳಿಗೆಯವು, ಅವುಗಳಿಗೆ ತೋಟಾ ಕಾರ್ಖಾನೆಯಿಂದ ಬರುತ್ತದೆ. ಶಿಸ್ತು ಮನುಷ್ಯನ ಗುಣ. ನಳಿಗೆಯ ತೂತಿನ ಬಳಿಯ ಒತ್ತಡ ಶಿಸ್ತಿಗೆ ಸಿಗುವ ವಸ್ತುವಲ್ಲ.

ಎರಡನೆಯದು ಅಮೆರಿಕದ ಉದಾಹರಣೆ. ಇದು ಹೆಚ್ಚು ತೂಕದ್ದು. ಅಲ್ಲಿ ಗರಾಂಡಿಗೆ ಕೈಯಾರೆ ತೋಟಾ ತುಂಬುವವರು ಸಾಕಷ್ಟಿದ್ದಾರೆ, ಬಹುಪಾಲು ಜನರಿಗೆ ಏನೂ ಆಗಿಲ್ಲ. ಆದರೆ ಆ ದೇಶದ ಅನುಭವವನ್ನು ಪೂರ್ತಿ ಓದಬೇಕು. ಹಾರ್ನಡಿ ಕಂಪನಿಯ ಕೈಪಿಡಿಯಲ್ಲಿ .30-06ರ ಕೋಷ್ಟಕ ಬೇರೆ, ಗರಾಂಡಿನದು ಬೇರೆ. ಹಾರ್ನಡಿಯೂ ಫೆಡರಲ್ ಕಂಪನಿಯೂ ಗರಾಂಡಿಗೆಂದೇ ಹೆಸರು ಹಾಕಿದ ತೋಟಾ ತಯಾರಿಸಿ ಮಾರುತ್ತವೆ. ಮರುತುಂಬುವಿಕೆ ಮನೆಮಾತಾಗಿರುವ, ಮದ್ದಿನ ಪ್ರತಿ ಡಬ್ಬಿಯ ಮೇಲೂ ಅದರ ಗುಣ ಮುದ್ರಿಸಿರುವ, ಕೇಪಿನ ಗಡಸುತನ ನೋಡಿ ಕೊಳ್ಳಬಹುದಾದ ದೇಶದಲ್ಲೇ ಈ ರೈಫಲ್ಲಿಗೆ ಪ್ರತ್ಯೇಕ ತೋಟಾ ಬೇಕೆಂದು ಕಂಪನಿಗಳಿಗೆ ಅನ್ನಿಸಿದೆ. ಆ ಮೂರೂ ಇಲ್ಲದ ನಮ್ಮಲ್ಲಿ ಕೈಗೆ ಸಿಕ್ಕ ಮದ್ದು, ಕೈಗೆ ಸಿಕ್ಕ ಕೇಪಿನಿಂದ ತುಂಬಿದರೆ ಅದನ್ನು ಅಮೆರಿಕದ ಹವ್ಯಾಸ ಎನ್ನಲಾಗದು. ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಗಳು ನಾಗರಿಕರಿಗೆ .30-06 ಅಳತೆಯ ಬೋಲ್ಟ್ ರೈಫಲ್ ಮಾರುತ್ತವೆ. ಅದಕ್ಕೆಂದು ಬರುವ ತೋಟಾ ಗರಾಂಡಿಗೂ ಹಿಡಿಸುತ್ತದೆ, ಅಳತೆ ಒಂದೇ. ಹಿಡಿಸುತ್ತದೆ ಎಂದ ಮಾತ್ರಕ್ಕೆ ಒಪ್ಪುತ್ತದೆ ಎಂದಲ್ಲ ಎಂಬ ಎಚ್ಚರಿಕೆ ಎಲ್ಲರಿಗೂ ಗೊತ್ತಿರಬೇಕು.

ಇನ್ನು ಕೆಲವರು ಹೇಳುವುದು, ಎಲ್ಲ ಹಳೆ ಸೆಮಿ ಆಟೋಮ್ಯಾಟಿಕ್ಕುಗಳೂ ಗರಾಂಡಿನಷ್ಟು ನಾಜೂಕಲ್ಲ ಎಂದು. ಸರಿಯೇ. ಬೆಲ್ಜಿಯಂನ ಎಫ್‌ಎಎಲ್, ಅದರ ಮಾದರಿಯಲ್ಲಿ ಇಶಾಪುರದಲ್ಲಿ ತಯಾರಾಗಿ ನಮ್ಮ ಸೇನೆಯ ಮೂರು ದಶಕದ ಸಂಗಾತಿಯಾಗಿದ್ದ, 1971ರ ಯುದ್ಧ ಕಂಡ 7.62 ಎಂಎಂ ಎಸ್‌ಎಲ್‌ಆರ್, ಎರಡರಲ್ಲೂ ಅನಿಲ ಹೆಚ್ಚು ಕಡಿಮೆ ಮಾಡುವ ಉಂಗುರವಿದೆ. ಮಣ್ಣು, ಮರಳು, ಕೆಟ್ಟ ತೋಟಾ ಏನೇ ಇರಲಿ, ಉಂಗುರ ತಿರುಗಿಸಿ ರೈಫಲ್ ನಡೆಯುವಂತೆ ಮಾಡಬಹುದು. ಆದರೆ ಆ ಉಂಗುರ ತೀರ್ಮಾನಿಸುವುದು ಪಿಸ್ಟನ್ನಿಗೆ ಎಷ್ಟು ಅನಿಲ ಹೋಗಬೇಕು ಎಂಬುದನ್ನಷ್ಟೇ. ಖೋಕಾದೊಳಗೆ ಎರಡು ಪಾಲು ಮದ್ದಿದ್ದರೆ ಉಂಗುರ ಏನೂ ಮಾಡಲಾರದು. ಸೇನಾ ತರಬೇತಿಯಲ್ಲಿ ಹಾರಿಸಿದ ಪ್ರತಿ ಖೋಕಾವನ್ನೂ ನೆಲದಿಂದ ಆರಿಸಿ ಎಣಿಸಿ ವಾಪಸ್ ಕೊಡುವ ಪದ್ಧತಿಯಿದೆ. ಒಂದು ಕಡಿಮೆಯಾದರೂ ಮೈದಾನ ಹುಡುಕಿಸುತ್ತಾರೆ. ಖಾಲಿ ಹಿತ್ತಾಳೆಗೆ ಅಷ್ಟು ಬೆಲೆ ಯಾಕೆಂದು ಈಗ ಅರ್ಥವಾಗಬಹುದು.

ಕ್ರೀಡಾಪಟುಗಳ ಕಷ್ಟವನ್ನು ಮುಂದಿಡುವವರೂ ಇದ್ದಾರೆ. ಇಲ್ಲಿ ಒಂದು ಗೊಂದಲ ಬಿಡಿಸಬೇಕು. 2012ರ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ, ಚೆನ್ನೈನಲ್ಲಿ ಹುಟ್ಟಿದ ಗಗನ್ ನಾರಂಗ್ ಅವರ ಸ್ಪರ್ಧೆ ಏರ್ ರೈಫಲ್ಲಿನದು. ಅದಕ್ಕೆ ತೋಟಾವೇ ಇಲ್ಲ. .22 ರೈಫಲ್ಲಿನ ತೋಟಾದಲ್ಲಿ ಕೇಪಿನ ರಾಸಾಯನಿಕ ಖೋಕಾದ ಅಂಚಿನೊಳಗೇ ಇರುವುದರಿಂದ ಅದನ್ನು ಸಾಮಾನ್ಯವಾಗಿ ಮರುತುಂಬಲಾಗದು. ಅಂಥ ಕ್ರೀಡಾಪಟುಗಳಿಗೆ 2020ರ ತಿದ್ದುಪಡಿ ವರ್ಷದ ತೋಟಾ ಮಿತಿಯನ್ನು ದೊಡ್ಡದಾಗಿ ಏರಿಸಿದೆ: .22ಕ್ಕೆ 1,000ದಿಂದ 5,000ಕ್ಕೆ, ಶಾಟ್‌ಗನ್ನಿಗೆ 500ರಿಂದ 5,000ಕ್ಕೆ. ಒಲಿಂಪಿಕ್ ರೈಫಲ್ ಕ್ರೀಡೆಗೂ ಹಳೆ ಸೆಮಿ ಆಟೋಮ್ಯಾಟಿಕ್ಕಿಗೂ ಸಂಬಂಧ ಕಡಿಮೆ. ಈ ಬೇಡಿಕೆ ಸಂಗ್ರಾಹಕರದು, ಹಳೆ ಯಂತ್ರಗಳ ಪ್ರೇಮಿಗಳದು. ಅದು ಕೀಳು ಬೇಡಿಕೆಯೇನಲ್ಲ, ಆದರೆ ಪದಕದ ನೆಪ ಅದಕ್ಕೆ ಬೇಡ.

ಕೊನೆಗೆ ಎದುರು ಬದಿಯ ಆಕ್ಷೇಪ: ತೋಟಾ ಸಿಗದಿದ್ದರೆ ಒಳ್ಳೆಯದೇ ಅಲ್ಲವೇ, ನಾಗರಿಕರ ಕೈಯಲ್ಲಿ ಯುದ್ಧದ ರೈಫಲ್ ಹಾರುವುದೇಕೆ? ಸಮಾಜದ ದೃಷ್ಟಿಯಿಂದ ಈ ಮಾತಿನಲ್ಲಿ ಹುರುಳಿದೆ, ಸೆಮಿ ಆಟೋಮ್ಯಾಟಿಕ್ಕುಗಳ ಮೇಲಿನ ನಿರ್ಬಂಧ ಸಡಿಲಾಗಬೇಕೆಂದು ನಾನು ವಾದಿಸುತ್ತಿಲ್ಲ. ಆದರೆ ಕಾನೂನೇ ಲೈಸೆನ್ಸ್ ಕೊಟ್ಟು ಉಳಿಸಿರುವ ಬೆರಳೆಣಿಕೆಯ ರೈಫಲ್ಲುಗಳಿಗೆ ಒಪ್ಪುವ ತೋಟಾ ಸಿಗದಂತೆ ಮಾಡಿದರೆ ಅವು ಮೌನವಾಗುವುದಿಲ್ಲ. ಸಿಕ್ಕಿದ ತೋಟಾ ಹಾಕಿ ಹಾರಿಸುವವರು ಇರುತ್ತಾರೆ; ಎಲ್ಲೋ ಕದ್ದು ತುಂಬಿಸಿಕೊಂಡು ಬರುವವರೂ ಇರುತ್ತಾರೆ. ತಳದ ಮುದ್ರೆ ನೋಡಿದರೆ ಹೊಸ ಕಾರ್ಖಾನೆಯ ತೋಟಾ, ಒಳಗಿನ ಮದ್ದು ಯಾರದೋ. ಪೊಲೀಸರಿಗೂ ಕಾಣದ, ಮಾಲೀಕನಿಗೂ ತಿಳಿಯದ ಅಪಾಯ ಅದು.

ಹಾಗಾಗಿ ಮಾಡಬೇಕಾದ ಕೆಲಸ ಸರಳ. ಮ್ಯೂನಿಷನ್ಸ್ ಇಂಡಿಯಾಗೆ ಮದ್ದು, ಖೋಕಾ, ಕೇಪು, ಒತ್ತಡ ಪರೀಕ್ಷೆ ಎಲ್ಲವೂ ಒಂದೇ ಸೂರಿನಡಿ ಇವೆ. ಕಾನ್ಪುರದಲ್ಲಿ 2024ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಅದಾನಿ ಗುಂಪಿನ ಮದ್ದುಗುಂಡು ಕಾರ್ಖಾನೆಯಂಥ ಖಾಸಗಿ ಸೌಲಭ್ಯಗಳೂ ಬಂದಿವೆ. ಲೈಸೆನ್ಸ್ ದಾಖಲೆಯಿಂದಲೇ ದೇಶದಲ್ಲಿ ಯಾವ ಅಳತೆಯ ಎಷ್ಟು ಹಳೆ ರೈಫಲ್ಲುಗಳಿವೆ ಎಂಬ ಲೆಕ್ಕ ಗೃಹ ಸಚಿವಾಲಯಕ್ಕೆ ಸಿಗುತ್ತದೆ. ಆ ಲೆಕ್ಕದ ಮೇಲೆ ವರ್ಷಕ್ಕೊಮ್ಮೆ, ಮುಂಗಡ ಹಣ ಕಟ್ಟಿಸಿಕೊಂಡು, ರೈಫಲ್ಲಿನ ಹೆಸರನ್ನೇ ಪೆಟ್ಟಿಗೆಯ ಮೇಲೆ ಮುದ್ರಿಸಿ ಸಣ್ಣ ಕಂತಿನಲ್ಲಿ ತೋಟಾ ತಯಾರಿಸಬಹುದು. ಹೊಸ ತೋಟಾ ಪಡೆಯುವಾಗ ಹಳೆ ಖೋಕಾ ಅಷ್ಟೇ ಸಂಖ್ಯೆಯಲ್ಲಿ ವಾಪಸ್ ಕೊಡಬೇಕೆಂಬ ಷರತ್ತಿರಲಿ. ಬೆಲೆ ಹೆಚ್ಚಾಗುತ್ತದೆ, ಆಗಲಿ. ಹಳೆ ಯಂತ್ರ ಇಟ್ಟುಕೊಳ್ಳುವ ಹವ್ಯಾಸ ಎಂದೂ ಅಗ್ಗವಾಗಿರಲಿಲ್ಲ.

ಅಲ್ಲಿಯವರೆಗೆ, ಮನೆಯಲ್ಲಿ ಇಂಥ ರೈಫಲ್ ಇರುವವರಿಗೆ ಒಂದು ಮಾತು: ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಬಂದ ತೋಟಾ ಹಾಕಬೇಡಿ, ಅಳತೆ ಒಂದೇ ಎಂದು ಬೋಲ್ಟ್ ರೈಫಲ್ಲಿನ ತೋಟಾ ಹಾಕಬೇಡಿ, ಹಾರಿಸಿದ ಖೋಕಾಗಳನ್ನು ಹಿತ್ತಾಳೆಯ ಬೆಲೆಗೆ ಗುಜರಿಗೆ ಕೊಡಬೇಡಿ. ಖಾಲಿ ಖೋಕಾ ಕೂಡ ತೋಟಾದ ಬಿಡಿಭಾಗವೇ.